ಚಿನ್ನ ಹುಡುಕುವವರಿಗೊಂದು ಕಿವಿಮಾತು

ಯುಗಾದಿ ಊಟಕ್ಕೆ ಪಕ್ಕದಲ್ಲಿ ಕೂತಿದ್ದ ಗೆಳೆಯರೊಬ್ಬರು ಒಬ್ಬಟ್ಟಿಗೆ ತುಪ್ಪ ಹಾಕಿಸಿಕೊಳ್ಳುತ್ತಾ ಮೆಲ್ಲಗೆ ಕೇಳಿದರು: "ಸಾರ್, ನಾನೂ ಒಂದು ಚಿನ್ನ ಹುಡುಕೋ ಡಿಟೆಕ್ಟರ್ ತಗೊಂಡೆ. ಹೆಡ್‌ಫೋನ್ ಮನೆಯಲ್ಲೇ ಇದೆ. ವಿಮಾನದಲ್ಲಿ ಹಾಕ್ಕೊಳ್ಳೋ ಅಂಥದ್ದು, ದುಬಾರಿದು. ನಡೆಯುತ್ತಲ್ವಾ?"

ನಡೆಯಲ್ಲ ಅಂದೆ. ಯಾಕೆ ಅಂತ ಹೇಳುವಷ್ಟರಲ್ಲಿ ಅನ್ನ ಸಾರು ಬಂತು. ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ನಾನಿರುವುದು ಮೆಲ್ಬರ್ನ್‌ನಲ್ಲಿ. ಇಲ್ಲಿಂದ ಎರಡು ಎರಡೂವರೆ ಗಂಟೆ ಕಾರು ಓಡಿಸಿದರೆ ಡನಾಲಿ, ಮೋಲಿಯಾಗಲ್, ಕಿಂಗವರ್ ಅನ್ನುವ ಸಣ್ಣ ಊರುಗಳು. ವಿಕ್ಟೋರಿಯಾ ರಾಜ್ಯದ ಚಿನ್ನದ ಸೀಮೆ ಅದು. 1869ರಲ್ಲಿ ಮೋಲಿಯಾಗಲ್‌ನಲ್ಲಿ ನೆಲದಿಂದ ಒಂದೆರಡು ಇಂಚು ಕೆಳಗೇ ಒಂದು ಗಟ್ಟಿ ಸಿಕ್ಕಿತು. ಅದರಲ್ಲಿ 70 ಕಿಲೋಗಿಂತ ಜಾಸ್ತಿ ಚಿನ್ನವಿತ್ತು. ಅಷ್ಟು ದೊಡ್ಡದನ್ನು ತೂಗುವ ತಕ್ಕಡಿ ಇರಲಿಲ್ಲ. ಡನಾಲಿಗೆ ತಂದು ಕಮ್ಮಾರನ ಅಡಿಗಲ್ಲಿನ ಮೇಲಿಟ್ಟು ಒಡೆದು ತೂಗಿದರಂತೆ. 1980ರಲ್ಲಿ ಕಿಂಗವರ್ ಹತ್ತಿರ ಒಬ್ಬರಿಗೆ ಡಿಟೆಕ್ಟರ್ ಹಿಡಿದು ಓಡಾಡುವಾಗ 27 ಕಿಲೋ ಗಟ್ಟಿ ಸಿಕ್ಕಿತ್ತು. ನನಗೆ ಆರು ವರ್ಷದಲ್ಲಿ ಸಿಕ್ಕಿದ್ದು ಒಟ್ಟು ಹನ್ನೊಂದು ಗ್ರಾಂ. ಪೆಟ್ರೋಲ್ ಲೆಕ್ಕ ಕೇಳಬೇಡಿ. ಅದನ್ನು ಮನೆಯವಳು ಆಗಲೇ ಕೇಳಿ ಆಗಿದೆ.

ಕಾನೂನಿನ ಮಾತು ಮೊದಲೇ ಮುಗಿಸಿಬಿಡುತ್ತೇನೆ. ಇಲ್ಲಿ ಮೈನರ್ಸ್ ರೈಟ್ ಅನ್ನುವ ಪರವಾನಗಿ ಬೇಕು. ಒಮ್ಮೆ ತೆಗೆದುಕೊಂಡರೆ 10 ವರ್ಷ ನಡೆಯುತ್ತದೆ. ತೋಡಿದ ಗುಂಡಿ ಮುಚ್ಚಬೇಕು. ರಜೆಗೆ ಬರುವಾಗ ಮಷೀನ್ ತಗೊಂಡು ಬಾ, ಬೆಟ್ಟದಲ್ಲಿ ನಿಧಿ ನೋಡೋಣ ಅನ್ನುವ ಮಾವಂದಿರಿಗೆ ಒಂದೇ ಮಾತು: ಊರಲ್ಲಿ ನೆಲದೊಳಗೆ ನಿಧಿ ಸಿಕ್ಕರೆ ಸರ್ಕಾರಕ್ಕೆ ತಿಳಿಸಬೇಕು. ಸುಮ್ನೆ ನನ್ನನ್ನು ಸಿಕ್ಕಿಸಬೇಡಿ.

ಈಗ ಹೆಡ್‌ಫೋನ್. ಚಿನ್ನದ ಡಿಟೆಕ್ಟರ್ ಅಂದರೆ ಸಿನಿಮಾದಲ್ಲಿ ತೋರಿಸುವ ಹಾಗೆ ಚಿನ್ನ ಕಂಡಾಗ ಕೀಂಯ್ ಅನ್ನುವ ಯಂತ್ರ ಅಂದುಕೊಂಡಿರುತ್ತೀರಿ. ಹಾಗಲ್ಲ. ಸಣ್ಣದೊಂದು ಗುಂಯ್ ಸದ್ದು ಕಿವಿಯಲ್ಲಿ ಸದಾ ಇರುತ್ತದೆ. ಇದಕ್ಕೆ ಥ್ರೆಶೋಲ್ಡ್ ಅನ್ನುತ್ತಾರೆ. ನಾನು ತಂಬೂರಿ ಅನ್ನುತ್ತೇನೆ. ಶ್ರುತಿ ಹಿಡಿದು ಕೂತ ಹಾಗೆ ಗಂಟೆಗಟ್ಟಲೆ ಅದನ್ನೇ ಕೇಳುತ್ತಾ ಕಾಯಿಲ್, ಅಂದರೆ ಡಿಟೆಕ್ಟರ್ ಕೋಲಿನ ತುದಿಯ ತಟ್ಟೆಯನ್ನು, ನೆಲದ ಮೇಲೆ ಬೀಸುತ್ತಾ ಹೋಗಬೇಕು. ದೊಡ್ಡ ಡಬ್ಬದ ಮುಚ್ಚಳ ಇದ್ದರೆ ಕಿರುಚುತ್ತದೆ, ಯಾರಿಗಾದರೂ ಕೇಳುತ್ತದೆ. ಚಿನ್ನದ ಚೂರು ಕಿರುಚುವುದಿಲ್ಲ. ಶ್ರುತಿ ಒಂದು ಎಳೆ ಮೇಲೆ ಹೋಗಿ ಕೆಳಗೆ ಬರುತ್ತದೆ, ಅಷ್ಟೆ. ಕೆಲವು ಸಲ ಒಂದು ಕ್ಷಣ ಅಳುಕಿದ ಹಾಗಾಗುತ್ತದೆ. ಆ ಅಳುಕನ್ನು ನಿಮ್ಮ ಕಿವಿಗೆ ಮುಟ್ಟಿಸುವುದೇ ಹೆಡ್‌ಫೋನಿನ ಕೆಲಸ.

ಸಂಗೀತಕ್ಕೆ ಮಾಡಿದ ಹೆಡ್‌ಫೋನ್ ಇಲ್ಲಿ ಸೋಲುವುದು ಅದಕ್ಕೇ. ಹಾಡು ತುಂಬಿ ಬರಲಿ ಅಂತ ಅದು ಕೆಳಗಿನ ಸ್ವರಗಳನ್ನು ಉಬ್ಬಿಸುತ್ತದೆ. ನಮಗೆ ಬೇಕಾದ ಸಣ್ಣ ಏರಿಳಿತ ಅದರಲ್ಲಿ ಮುಳುಗಿ ಹೋಗುತ್ತದೆ. ಕೆಲವು ಬ್ಲೂಟೂತ್ ಸೆಟ್‌ಗಳಂತೂ ಸದ್ದು ತೀರಾ ಸಣ್ಣಗಿದ್ದರೆ ಏನೂ ಬರುತ್ತಿಲ್ಲ ಅಂದುಕೊಂಡು ಬಾಯಿ ಮುಚ್ಚಿಕೊಳ್ಳುತ್ತವೆ. ತಂಬೂರಿಯೇ ಮಾಯ!

ಬ್ಲೂಟೂತ್‌ನ ಇನ್ನೊಂದು ತೊಂದರೆ ತಡ. ಸಾಧಾರಣ ಬ್ಲೂಟೂತ್‌ನಲ್ಲಿ ಸದ್ದು ಕಿವಿಗೆ ಬರುವ ಹೊತ್ತಿಗೆ 200 ಮಿಲಿಸೆಕೆಂಡ್ ಆಗಿರುವುದುಂಟು. ಕಾಯಿಲ್ ಅನ್ನು ನಿಧಾನವಾಗಿ, ಸೆಕೆಂಡಿಗೆ ಅರ್ಧ ಮೀಟರ್ ಬೀಸಿದರೂ ಅಷ್ಟರಲ್ಲಿ 10 ಸೆಂಟಿಮೀಟರ್ ಮುಂದೆ ಹೋಗಿರುತ್ತದೆ. ವಾಪಸ್ ಬೀಸಿದರೆ ಆ ಕಡೆ 10 ಸೆಂಟಿಮೀಟರ್. ಅವರೆಕಾಳಿನಷ್ಟು ಚಿನ್ನಕ್ಕೆ ಬಾಣಲೆಯಷ್ಟು ಅಗಲ ಅಗೆಯುತ್ತೀರಿ. ಡಿಟೆಕ್ಟರ್‌ಗೆಂದೇ ಮಾಡಿದ ವೈರ್‌ಲೆಸ್ ಬೇರೆ. ಡಿಟೆಕ್ಟರ್ ಮಾಡುವ ಮಿನೆಲ್ಯಾಬ್ ಕಂಪನಿಯ ವೈ-ಸ್ಟ್ರೀಮ್‌ನಲ್ಲಿ ತಡ ಸುಮಾರು 17 ಮಿಲಿಸೆಕೆಂಡ್, ಗೊತ್ತೇ ಆಗುವುದಿಲ್ಲ. ದುಡ್ಡಿದ್ದರೆ ಅಂಥದ್ದು ತೆಗೆದುಕೊಳ್ಳಿ. ನನ್ನನ್ನು ಕೇಳಿದರೆ ವೈರ್ ಇರುವುದೇ ಸಾಕು. ವೈರ್‌ಗೆ ಚಾರ್ಜ್ ಮಾಡುವ ಗೋಳಿಲ್ಲ.

ವೈರ್‌ಗೂ ಅದರದ್ದೇ ಕಾಟ ಇದೆ ಅನ್ನಿ. ಪೊದೆಗೆ ಸಿಕ್ಕಿ ತಲೆಯನ್ನು ಹಿಂದಕ್ಕೆ ಎಳೆಯುತ್ತದೆ. ಬೆನ್ನ ಮೇಲಿನ ಪಟ್ಟಿಯೊಳಗೆ ತೂರಿಸಿಕೊಂಡರೆ ಸರಿ. ಇನ್ನು ಪಿನ್. ಬಹಳ ಡಿಟೆಕ್ಟರ್‌ಗಳಿಗೆ ದಪ್ಪ ಪಿನ್ ಬೇಕು, 6.35 ಮಿಲಿಮೀಟರ್‌ದು. ನಾನು ಜಾಣತನ ಮಾಡಿ ಸಣ್ಣ ಪಿನ್ನಿಗೆ ಎರಡು ಡಾಲರ್ ಅಡಾಪ್ಟರ್ ಸಿಕ್ಕಿಸಿಕೊಂಡು ಹೋಗಿದ್ದೆ. ಅದು ಸಡಿಲ. ಪ್ರತಿ ಸಲ ಕಾಯಿಲ್ ಬಲಕ್ಕೆ ತಿರುಗಿದಾಗ ಕಿವಿಯಲ್ಲಿ ಒಂದು ಚಿರ್ ಸದ್ದು. ಚಿನ್ನ ಅಂದುಕೊಂಡು ಆ ಕೆಂಪು ಜೇಡಿಯಲ್ಲಿ ನಾಲ್ಕು ಗುಂಡಿ ತೋಡಿದೆ. ಐದನೆಯದಕ್ಕೆ ಬುದ್ಧಿ ಬಂತು. ಕಾಯಿಲ್ ಗಾಳಿಯಲ್ಲಿ ಎತ್ತಿ ಹಿಡಿದು ಬೀಸಿದೆ. ಆಗಲೂ ಚಿರ್.

ಅಂಗಡಿಯಲ್ಲಿ ಓಮ್, ಅಂದರೆ ಹೆಡ್‌ಫೋನ್ ವಿದ್ಯುತ್ತಿಗೆ ಒಡ್ಡುವ ತಡೆಯ ಅಳತೆ, ಎಷ್ಟು ಅಂತಲೂ ನೋಡಿ. ಸ್ಟುಡಿಯೋಗೆ ಮಾಡಿದ 250 ಓಮ್‌ನದು ಎಷ್ಟು ಒಳ್ಳೆಯದಾದರೂ ಡಿಟೆಕ್ಟರ್‌ನ ಪುಟ್ಟ ಆಂಪ್ಲಿಫೈಯರ್‌ಗೆ ಅದನ್ನು ಜೋರಾಗಿ ನುಡಿಸಲು ಆಗದೇ ಹೋಗಬಹುದು.

ನಾನು ಜಾಸ್ತಿ ಒತ್ತಿ ಹೇಳುವುದು ಎರಡೂ ಕಡೆ ಬೇರೆ ಬೇರೆ ವಾಲ್ಯೂಮ್ ತಿರುಗಣೆ ಇರುವುದನ್ನೇ ತೆಗೆದುಕೊಳ್ಳಿ ಅಂತ. ನನಗೀಗ ಐವತ್ತೆರಡು. ಎಡಗಿವಿ ಮಂದ ಅಂತ ಮನೆಯವಳು ಹತ್ತು ವರ್ಷದಿಂದ ಹೇಳುತ್ತಿದ್ದಳು. ನಾನು ಒಪ್ಪಿರಲಿಲ್ಲ. ಕಡೆಗೆ ಪರೀಕ್ಷೆ ಮಾಡಿಸಿದರೆ ಮೇಲಿನ ಸ್ವರಗಳು ಎಡಗಿವಿಗೆ ಅರ್ಧಕ್ಕರ್ಧ ಕೇಳುತ್ತಲೇ ಇಲ್ಲ! ಅಲ್ಲಿವರೆಗೆ ಎಷ್ಟು ಚೂರುಗಳ ಮೇಲೆ ನಡೆದು ಹೋಗಿದ್ದೆನೋ. ಈಗ ಎಡಕ್ಕೆ ಸ್ವಲ್ಪ ಜೋರು ಇಟ್ಟು, ಡಿಟೆಕ್ಟರ್‌ನಲ್ಲೇ ಶ್ರುತಿ ಇಳಿಸಿಕೊಂಡಿದ್ದೇನೆ. ಸದ್ದಿಗೆ ಮಿತಿ ಹಾಕುವ ಲಿಮಿಟರ್ ಕೂಡ ಇರಲಿ. ಸಣ್ಣದು ಕೇಳಲಿ ಅಂತ ಜೋರು ಮಾಡಿಕೊಂಡು ಹೋಗುವಾಗ ಹುಲ್ಲಿನಡಿ ಒಂದು ತಗಡು ಬಂದರೆ ಕಿವಿಯ ತಮಟೆಗೇ ಹೊಡೆದ ಹಾಗಿರುತ್ತದೆ.

ಒಂದು ಜೂನ್ ಬೆಳಗ್ಗೆ, ಇಲ್ಲಿ ಆಗ ಚಳಿಗಾಲ, ಗಾಳಿ ಮರಗಳನ್ನು ಅಲ್ಲಾಡಿಸುತ್ತಿತ್ತು. ಬರೀ ಸ್ಪೀಕರ್ ಆಗಿದ್ದರೆ ಏನೂ ಕೇಳುತ್ತಿರಲಿಲ್ಲ. ತಂಬೂರಿ ಒಮ್ಮೆ ಅಳುಕಿತು. ಬೂಟಿನಿಂದ ಎಲೆ ಸರಿಸಿ ಮತ್ತೆ ಬೀಸಿದೆ. ಇತ್ತು. ನಾಲ್ಕು ಇಂಚು ತೋಡಿ ಮಣ್ಣನ್ನು ಪ್ಲಾಸ್ಟಿಕ್ ಮೊರದಂಥ ಚಮಚೆಗೆ ತುಂಬಿ ಕಾಯಿಲ್ ಮೇಲೆ ಆಡಿಸಿದೆ. ಅರ್ಧ ಚೆಲ್ಲಿದೆ, ಆಡಿಸಿದೆ. ಮತ್ತೆ ಅರ್ಧ. ಕೊನೆಗೆ ಅಂಗೈಯಲ್ಲಿ ಉಳಿದ ಚಿಟಿಕೆ ಮಣ್ಣಿಗೆ ಬಾಟಲಿ ನೀರು ಬಿಟ್ಟರೆ ಒಡೆದ ತೊಗರಿಬೇಳೆಯಂಥದ್ದು ಹಳದಿಯಾಗಿ ಕೂತಿತ್ತು. 0.3 ಗ್ರಾಂ. ಮೂರು ಸಲ ಎಣಿಸಿದೆ, ಇರುವುದೊಂದೇ ಆದರೂ.

ನಮ್ಮ ತಾತ ಕೆಜಿಎಫ್‌ನಲ್ಲಿ ಗಣಿಗೆ ಇಳಿಯುತ್ತಿದ್ದವರು. ಅಲ್ಲಿ ಚಿನ್ನ ಬಂಡೆಯೊಳಗೆ ಬಹುಪಾಲು ಕಣ್ಣಿಗೆ ಕಾಣದ ಹಾಗೆ ಬೆರೆತಿರುತ್ತಿತ್ತು, ನನ್ನ ಈ ಮಷೀನ್ ಅಲ್ಲಿ ಕೆಲಸಕ್ಕೆ ಬಾರದ್ದು. ಆದರೆ ಅವರದ್ದೂ ಕಿವಿಯ ಕೆಲಸವೇ. ತಲೆ ಮೇಲಿನ ಬಂಡೆಯನ್ನು ಹಾರೆಯಿಂದ ಕುಟ್ಟಿ ನೋಡುತ್ತಿದ್ದರಂತೆ. ಟಣ್ ಅಂದರೆ ಗಟ್ಟಿ, ಡಬ್ ಅಂದರೆ ಪೊಳ್ಳು, ಹಿಂದೆ ಸರಿ. ಗಣಿ 2001ರಲ್ಲಿ ಮುಚ್ಚಿತು. ತಾತ ಮಾತ್ರ ಆಮೇಲೂ ಮನೆ ಗೋಡೆಗಳನ್ನು ಬೆರಳಲ್ಲಿ ಕುಟ್ಟುವುದು ಬಿಡಲಿಲ್ಲ.

ಅದಕ್ಕೇ ಕಿವಿ ಪೂರ್ತಿ ಮುಚ್ಚುವ ಸೆಟ್ ಬಗ್ಗೆ ನನಗೆ ಅರ್ಧ ಮನಸ್ಸು. ಈ ಕಾಡಲ್ಲಿ ಬ್ರೌನ್ ಸ್ನೇಕ್ ಇದೆ, ವಿಷದ ಹಾವು. ನೂರೈವತ್ತು ವರ್ಷದ ಹಿಂದಿನ ಬಾಯಿ ತೆರೆದ ಗಣಿ ಗುಂಡಿಗಳಿವೆ. ಜೊತೆಯವರು ಕೂಗಿದ್ದು ಕೇಳಬೇಕು. ಬೇಸಿಗೆಯಲ್ಲಿ ನಾನು ಬಲಗಿವಿಯದ್ದನ್ನು ಅರ್ಧ ಸರಿಸಿಕೊಂಡೇ ನಡೆಯುತ್ತೇನೆ. 38 ಡಿಗ್ರಿಯಲ್ಲಿ ಆ ರೆಕ್ಸಿನ್ ದಿಂಬು ಕಿವಿಗೆ ಇಡ್ಲಿ ಪಾತ್ರೆ ಇದ್ದ ಹಾಗೆ.

ಒಬ್ಬಟ್ಟಿನ ಗೆಳೆಯರೇ, ಇನ್ನೂ ದುಡ್ಡು ಹಾಕಬೇಡಿ. ಮುಂದಿನ ಶನಿವಾರ ನನ್ನ ಹಳೇ ಸೆಟ್ ತರುತ್ತೇನೆ, ಹಾಕಿ ನೋಡಿ. ದಿಂಬು ಹರಿದಿದೆ, ಕಾಲುಚೀಲದ ಮೇಲ್ಭಾಗ ಕತ್ತರಿಸಿ ಹೊದಿಸಿದ್ದೇನೆ. ಒಗೆದ ಕಾಲುಚೀಲವೇ.