ಖಾಲಿ ಊರಲ್ಲಿ ಅಕ್ಕ ತಂಗಿ

‘ನೈಟ್ ಆಫ್ ದಿ ಕಾಮೆಟ್’ ನೋಡಿ ಅಂತ ನಾನು ಯಾರಿಗೆ ಹೇಳಿದರೂ ಮಾರನೇ ದಿನ ಕೇಳುವ ಮಾತು ಒಂದೇ. “ಅದರಲ್ಲಿ ಜೋಂಬಿನೇ ಇಲ್ವಲ್ಲೇ!” ಕಳೆದ ವಾರ ಆಫೀಸಿನ ಗೆಳತಿಯೂ ಇದನ್ನೇ ಹೇಳಿದಳು. ಹೆದರಿಕೆ ಆಗಲೇ ಇಲ್ಲ, ಹುಡುಗಿಯರು ಮಾತಾಡಿದ್ದೇ ಆಯಿತು, ನಮ್ಮನೆಯವರು ಅರ್ಧಕ್ಕೇ ಎದ್ದು ಹೋಗಿ ಮಲಗಿಬಿಟ್ಟರು ಅಂದಳು. ಅವಳ ಮೇಲೆ ನನಗೆ ಬೇಜಾರಿಲ್ಲ. ಆದರೆ ಈ ಸಿನಿಮಾದ ಪರವಾಗಿ ಒಮ್ಮೆ ಕೂತು ಬರೆಯಲೇಬೇಕು ಅಂತ ಬಹಳ ದಿನದಿಂದ ಅನ್ನಿಸುತ್ತಿತ್ತು. ಇವತ್ತು ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಇದೆ.

ನೋಡದವರಿಗೆ ಮೊದಲು ಕಥೆ. 1984ರ ಅಮೆರಿಕದ ಸಿನಿಮಾ. ಬರೆದು ನಿರ್ದೇಶಿಸಿದ್ದು ಥಾಮ್ ಎಬರ್ಹಾರ್ಟ್. ಲಾಸ್ ಏಂಜಲೀಸ್ ನಗರ, ಕ್ರಿಸ್‌ಮಸ್ ಹತ್ತಿರದ ದಿನಗಳು. ಆರೂವರೆ ಕೋಟಿ ವರ್ಷದ ಹಿಂದೆ, ಡೈನೋಸಾರ್‌ಗಳು ಅಳಿದ ಕಾಲಕ್ಕೆ ಬಂದು ಹೋಗಿದ್ದ ಧೂಮಕೇತು ಮತ್ತೆ ಬರುತ್ತಿದೆ. ಊರಿಗೆ ಊರೇ ಬೀದಿಗಿಳಿದು ಪಾರ್ಟಿ ಮಾಡುತ್ತಾ ಆಕಾಶ ನೋಡುತ್ತಿದೆ. ಬೆಳಗಾಗುವ ಹೊತ್ತಿಗೆ ಅವರೆಲ್ಲ ಕೆಂಪು ಪುಡಿ. ಆ ಬೆಳಕು ಅರೆಬರೆ ತಾಗಿದವರು ನಿಧಾನಕ್ಕೆ ಜೋಂಬಿಗಳಾಗುತ್ತಾರೆ. ರಾತ್ರಿಯೆಲ್ಲ ಉಕ್ಕಿನ ಗೋಡೆಗಳ ಒಳಗಿದ್ದವರು ಮಾತ್ರ ಉಳಿದುಕೊಂಡಿದ್ದಾರೆ. ಅಕ್ಕ ರೆಜಿ ಟಾಕೀಸಲ್ಲಿ ಕೆಲಸ ಮಾಡುವವಳು, ಆ ರಾತ್ರಿ ಪ್ರೊಜೆಕ್ಟರ್ ರೂಮಿನಲ್ಲಿದ್ದಳು. ತಂಗಿ ಸಮಂತಾ ಮಲತಾಯಿಯ ಜೊತೆ ಜಗಳ ಆಡಿ, ಮುಖಕ್ಕೆ ಏಟು ತಿಂದು, ಹಿತ್ತಲಿನ ಉಕ್ಕಿನ ಶೆಡ್‌ನಲ್ಲಿ ಮಲಗಿದ್ದಳು. ಅಪ್ಪ ಸೈನ್ಯದಲ್ಲಿ, ದೂರದ ದೇಶದಲ್ಲಿ. ಈ ಇಬ್ಬರು ಹುಡುಗಿಯರಿಗೆ ಈಗ ಇಡೀ ಊರು ಬಿಟ್ಟುಕೊಟ್ಟ ಹಾಗೆ ಖಾಲಿ ಬಿದ್ದಿದೆ.

ಈ ಸಿನಿಮಾಕ್ಕೆ ಖರ್ಚಾಗಿದ್ದು ಸುಮಾರು 7 ಲಕ್ಷ ಡಾಲರ್. ಅದೇ ವರ್ಷ ಬಂದ ‘ಘೋಸ್ಟ್‌ಬಸ್ಟರ್ಸ್’ಗೆ ಸುರಿದ ದುಡ್ಡು ಇದರ 30 ಪಟ್ಟಿಗಿಂತ ಜಾಸ್ತಿ. ಇಷ್ಟು ಕಡಿಮೆ ದುಡ್ಡಲ್ಲಿ ಪ್ರಪಂಚ ಮುಗಿದುಹೋಯಿತು ಅಂತ ತೋರಿಸಬೇಕು. ಕಟ್ಟಡ ಬೀಳಿಸುವ ಹಾಗಿಲ್ಲ, ಬೆಂಕಿ ಹಚ್ಚುವ ಹಾಗಿಲ್ಲ, ಸಾವಿರ ಜನಕ್ಕೆ ಮೇಕಪ್ ಮಾಡಿಸುವ ಹಾಗಿಲ್ಲ. ಹಾಗಾದರೆ ಏನು ಮಾಡಿದರು? ಬಟ್ಟೆ ಹಾಸಿದರು. ಫುಟ್‌ಪಾತಿನ ಮೇಲೆ ಒಂದು ಅಂಗಿ, ಒಂದು ಪ್ಯಾಂಟು, ಒಂದು ಜೊತೆ ಶೂ. ಮೇಲೆ ಒಂದಿಷ್ಟು ಕೆಂಪು ಪುಡಿ. ಅಷ್ಟೇ. ನಗರದ ರಸ್ತೆಗಳನ್ನು ಬೆಳಗಿನ ಜಾವ, ಗಾಡಿಗಳು ಶುರುವಾಗುವ ಮೊದಲು ಚಿತ್ರೀಕರಿಸಿದರು. ಕ್ಯಾಮೆರಾಕ್ಕೆ ಫಿಲ್ಟರ್ ಹಾಕಿ ಆಕಾಶವನ್ನು ಕೆಂಪು ಮಾಡಿದರು.

ನನ್ನ ಪ್ರಕಾರ ಈ ಸಿನಿಮಾದ ಜೀವವೇ ಅಲ್ಲಿದೆ. ಜೋಂಬಿಗಳು ಕಡಿಮೆ, ನಿಜ. ಬೆರಳಲ್ಲಿ ಎಣಿಸಬಹುದು. ಆದರೆ ಕೈಯಲ್ಲಿ ದುಡ್ಡಿದ್ದಿದ್ದರೆ ಇವರೂ ರಸ್ತೆ ತುಂಬ ಜೋಂಬಿ ತುಂಬಿಸಿಬಿಡುತ್ತಿದ್ದರೋ ಏನೋ. ಆಗ ಆ ಖಾಲಿತನ ಎಲ್ಲಿ ಸಿಗುತ್ತಿತ್ತು? ಜೋಂಬಿ ಬಂದರೆ ಓಡಬಹುದು, ಹೊಡೆಯಬಹುದು. ಯಾರೂ ಬರದಿದ್ದರೆ ಏನು ಮಾಡುತ್ತೀರಿ? ನನಗೆ ಹೆದರಿಕೆ ಆಗಿದ್ದು ಅಲ್ಲಿ.

ನಾನು ಇದನ್ನು ಮೊದಲು ನೋಡಿದ್ದು 2020ರ ಏಪ್ರಿಲ್‌ನಲ್ಲಿ. ಲಾಕ್‌ಡೌನ್. ಅಪ್ಪ ಅಮ್ಮ ಸಾಗರದ ಹತ್ತಿರ ಮದುವೆಗೆ ಅಂತ ಹೋದವರು ಅಲ್ಲೇ ಉಳಿದುಬಿಟ್ಟಿದ್ದರು. ರಾಜಾಜಿನಗರದ ಮನೆಯಲ್ಲಿ ನಾನು, ತಂಗಿ ಇಬ್ಬರೇ. ಬೆಳಿಗ್ಗೆ ಹಾಲು ತರಲು ನಾನು ನವರಂಗ್ ಸಿಗ್ನಲ್ ದಾಟಿ ಹೋಗುತ್ತಿದ್ದೆ. ಒಂದೇ ಒಂದು ಗಾಡಿ ಇಲ್ಲ. ಸಿಗ್ನಲ್ ಮಾತ್ರ ತನ್ನ ಪಾಡಿಗೆ ಕೆಂಪು, ಹಳದಿ, ಹಸಿರು ಅಂತ ಬದಲಾಗುತ್ತಿತ್ತು. ಹಾಲಿನ ಕವರ್ ಹಿಡಿದುಕೊಂಡು ಎಷ್ಟೋ ಸಲ ಅದನ್ನು ನೋಡುತ್ತಾ ನಿಂತಿದ್ದೇನೆ. ಅಂಥದ್ದೇ ಒಂದು ದಿನ ರಾತ್ರಿ ಈ ಸಿನಿಮಾ ಹಾಕಿದೆವು.

ಇನ್ನು ಅಂಗಡಿಯ ದೃಶ್ಯದ ಬಗ್ಗೆ. ಜಾಸ್ತಿ ಜನ ಬೈಯುವುದು ಇದನ್ನೇ. ಅಕ್ಕ ತಂಗಿ ಖಾಲಿ ಬಟ್ಟೆ ಅಂಗಡಿಗೆ ನುಗ್ಗಿ, ಒಂದಾದ ಮೇಲೊಂದು ಡ್ರೆಸ್ ಹಾಕಿಕೊಂಡು, ಟೋಪಿ ಇಟ್ಟುಕೊಂಡು ಕುಣಿಯುತ್ತಾರೆ. ಹಿಂದೆ ಆ ಕಾಲದ ಫೇಮಸ್ ಹಾಡೊಂದು, ಬೇರೆಯವರ ದನಿಯಲ್ಲಿ. ಪ್ರಪಂಚವೇ ಹೋಗಿದೆ, ಮಲತಾಯಿಯಿಂದ ಹಿಡಿದು ಬೀದಿಯವರೆಲ್ಲ ಪುಡಿಯಾಗಿದ್ದಾರೆ, ಇವರಿಗೆ ಶಾಪಿಂಗ್ ಬೇಕಾ ಅನ್ನುತ್ತಾರೆ. ಹುಡುಗಿಯರನ್ನು ಪೆದ್ದರ ಹಾಗೆ ತೋರಿಸಿದ್ದಾರೆ ಅಂತಲೂ ಒಬ್ಬರು ನನ್ನ ಹತ್ತಿರ ವಾದ ಮಾಡಿದರು.

ನನಗೆ ಇದನ್ನು ಒಪ್ಪಲು ಆಗುವುದೇ ಇಲ್ಲ. ಯಾಕೆ ಅಂತ ಹೇಳುತ್ತೇನೆ. ನನ್ನ ತಂಗಿಗೆ ಆ ಏಪ್ರಿಲ್‌ನಲ್ಲಿ ಕಾಲೇಜಿನ ಫೇರ್‌ವೆಲ್ ಇತ್ತು. ನವಿಲು ಬಣ್ಣದ ಸೀರೆ ತಂದಿಟ್ಟಿದ್ದಳು. ಬ್ಲೌಸ್ ಹೊಲಿಸಿ ಆಗಿತ್ತು. ಫೇರ್‌ವೆಲ್ ನಡೆಯಲಿಲ್ಲ. ಒಂದು ದಿನ ಬೆಳಿಗ್ಗೆ ಹನ್ನೊಂದು ಗಂಟೆಗೆ ರೂಮಿಂದ ಆಚೆ ಬಂದಳು. ಸೀರೆ ಉಟ್ಟಿದ್ದಳು. ಪಿನ್ ಹಾಕಿ, ಕಾಡಿಗೆ ಹಚ್ಚಿ, ಜುಮುಕಿ ಹಾಕಿ, ಸುಮ್ನೆ ಅಡುಗೆಮನೆಗೆ ಹೋಗಿ ಉಪ್ಪಿಟ್ಟಿಗೆ ಈರುಳ್ಳಿ ಹೆಚ್ಚುತ್ತಾ ನಿಂತಳು. ನಾನು ಏನೂ ಕೇಳಲಿಲ್ಲ. ಸಂಜೆವರೆಗೂ ಅವಳು ಆ ಸೀರೆ ಬಿಚ್ಚಲಿಲ್ಲ.

ಆ ಹುಡುಗಿಯರು ಅಂಗಡಿಯಲ್ಲಿ ಮಾಡುವುದೂ ಅದೇ ಅಲ್ವಾ? ಅವರಿಗೆ ಗೊತ್ತು, ಆ ಬಟ್ಟೆಯಲ್ಲಿ ಅವರನ್ನು ನೋಡಲು ಒಬ್ಬರೂ ಉಳಿದಿಲ್ಲ. ಹದಿಹರೆಯದವರ ದುಃಖ ದೊಡ್ಡವರ ದುಃಖದ ಹಾಗೆ ಕೂತು ಅಳುವುದಿಲ್ಲ. ಒಂದು ಗಂಟೆ ಕುಣಿಯುತ್ತದೆ, ಮರುಗಂಟೆ ಯಾವುದೋ ಸಣ್ಣ ವಿಷಯಕ್ಕೆ ಬಿಕ್ಕಿಬಿಕ್ಕಿ ಅಳುತ್ತದೆ. ಸಮಂತಾ ಹಾಗೇ ಇದ್ದಾಳೆ. ಇಡೀ ಭೂಮಿಯ ಮೇಲೆ ಅವರಿಗೆ ಸಿಕ್ಕ ಒಬ್ಬನೇ ಹುಡುಗ ಹೆಕ್ಟರ್. ಅವನೂ ಅಕ್ಕನ ಕಡೆಗೇ ವಾಲಿದಾಗ ಅವಳಿಗೆ ಆಗುವ ಸಂಕಟ ಇದೆಯಲ್ಲ, ಅದನ್ನು ನೋಡಿ ನಗು ಬರುತ್ತದೆ, ಹೊಟ್ಟೆಯಲ್ಲಿ ಚುರುಕ್ ಅಂತಲೂ ಅನ್ನುತ್ತದೆ. ನಿರ್ದೇಶಕರು ಇದನ್ನು ಬರೆಯುವ ಮೊದಲು, ಸಿನಿಮಾಕ್ಕೆ ಅಂತ ಹೇಳದೆ, ನಿಜವಾದ ಹುಡುಗಿಯರನ್ನೇ ಕೇಳಿದ್ದರಂತೆ, ಪ್ರಪಂಚ ಮುಗಿದು ನೀವು ಮಾತ್ರ ಉಳಿದರೆ ಏನು ಮಾಡುತ್ತೀರಿ ಅಂತ. ಅವರಿಗೆ ಅದು ಮಜಾ ಅನ್ನಿಸಿತಂತೆ. ಜೊತೆಗೆ ಸುತ್ತಾಡಲು ಹುಡುಗರೂ ಇರುವುದಿಲ್ಲ ಅನ್ನುವ ಮಾತು ಬಂದಾಗ ಮಾತ್ರ ಯೋಚನೆಗೆ ಬಿದ್ದರಂತೆ. ಆ ಉತ್ತರವನ್ನು ಅವರು ಹಗುರವಾಗಿ ತಳ್ಳಿಹಾಕಲಿಲ್ಲ, ಅದಕ್ಕೇ ಸಮಂತಾ ಇಷ್ಟು ನಿಜ ಅನ್ನಿಸುತ್ತಾಳೆ. ಆ ಪಾತ್ರ ಮಾಡಿದ ಕೆಲ್ಲಿ ಮರೋನಿಯ ಮುಖದಲ್ಲಿ ಒಂದು ಚೂರೂ ನಾಟಕ ಇಲ್ಲ.

ಪೆದ್ದರು ಅನ್ನುವವರಿಗೆ ಇನ್ನೊಂದು ಮಾತು. ಈ ಹುಡುಗಿಯರಿಗೆ ಅಪ್ಪ ಬಂದೂಕು ಹಿಡಿಯುವುದನ್ನು ಕಲಿಸಿದ್ದಾನೆ. ರೆಜಿ ಬೈಕ್ ಓಡಿಸುತ್ತಾಳೆ, ಜೋಂಬಿ ಎದುರಿಗೆ ಬಂದಾಗ ಕಿರುಚುತ್ತಾ ಕೂರುವುದಿಲ್ಲ, ಹೊಡೆಯುತ್ತಾಳೆ. ಎಂಬತ್ತರ ದಶಕದ ಹಾರರ್ ಸಿನಿಮಾಗಳಲ್ಲಿ ಹುಡುಗಿಯರ ಗತಿ ಏನಾಗುತ್ತಿತ್ತು ಅಂತ ನೆನಪು ಮಾಡಿಕೊಳ್ಳಿ. ಕ್ಯಾಥರೀನ್ ಮೇರಿ ಸ್ಟೀವರ್ಟ್ ಮಾಡಿರುವ ಈ ರೆಜಿ ಅದಕ್ಕೆಲ್ಲ ಎದುರು ನಿಂತವಳು.

ಕೊರತೆ ಇಲ್ಲ ಅಂತ ನಾನು ಹೇಳುವುದಿಲ್ಲ. ಮರುಭೂಮಿಯ ಕೆಳಗಿನ ಪ್ರಯೋಗಾಲಯಕ್ಕೆ ಕಥೆ ಹೋದ ಮೇಲೆ ಎಳೆದ ಹಾಗೆ ಆಗುತ್ತದೆ. ಗಾಳಿಕಿಂಡಿ ಮುಚ್ಚದೆ ತಾವೇ ಪುಡಿಗೆ ಸಿಕ್ಕಿಕೊಂಡ ವಿಜ್ಞಾನಿಗಳು, ಬದುಕಿ ಉಳಿದವರ ರಕ್ತ ಹೀರಿ ತಾವು ಉಳಿಯಲು ನೋಡುತ್ತಾರೆ. ಕಲ್ಪನೆ ಚೆನ್ನಾಗಿದೆ, ಓಡಾಟ ಜಾಸ್ತಿ ಆಯಿತು. ಆದರೆ ಅವರಲ್ಲೇ ಆಡ್ರಿ ವೈಟ್ ಅಂತ ಒಬ್ಬಳಿದ್ದಾಳೆ, ಮೇರಿ ವೊರೊನೊವ್ ಮಾಡಿದ ಪಾತ್ರ. ಸಮಂತಾಗೆ ರೋಗ ತಗುಲಿದೆ ಅಂತ ಹೇಳಿ, ಸಾಯಿಸುವ ಇಂಜೆಕ್ಷನ್ ಕೊಟ್ಟ ಹಾಗೆ ತೋರಿಸಿ, ಬರೀ ನಿದ್ದೆ ಬರಿಸಿ ಅವಳನ್ನು ಉಳಿಸುತ್ತಾಳೆ. ಆಮೇಲೆ ನಿಜವಾದ ಇಂಜೆಕ್ಷನ್ ತಾನೇ ಚುಚ್ಚಿಕೊಳ್ಳುತ್ತಾಳೆ. ಗಲಾಟೆ ಇಲ್ಲ, ಭಾಷಣ ಇಲ್ಲ. ಸುಸ್ತಾದ ಒಬ್ಬ ಹೆಂಗಸು ದಿನದ ಕೆಲಸ ಮುಗಿಸಿದ ಹಾಗೆ. ಅರ್ಧಕ್ಕೆ ಎದ್ದು ಹೋದವರು ಕಳೆದುಕೊಂಡಿದ್ದು ಇದನ್ನು. ಗೆಳತಿ, ದಯವಿಟ್ಟು ನಿಮ್ಮನೆಯವರನ್ನು ಇನ್ನೊಮ್ಮೆ ಕೂರಿಸು.

ಕೊನೆಯ ದೃಶ್ಯಕ್ಕಾದರೂ ಎಲ್ಲರೂ ಕಾಯಬೇಕು. ಮಳೆ ಬಂದು ಪುಡಿಯೆಲ್ಲ ತೊಳೆದು ಹೋಗಿದೆ. ರೆಜಿ, ಹೆಕ್ಟರ್, ಅವರು ಕಾಪಾಡಿದ ಎರಡು ಮಕ್ಕಳು, ಸಮಂತಾ, ಎಲ್ಲರೂ ನೀಟಾಗಿ ಡ್ರೆಸ್ ಮಾಡಿಕೊಂಡು ರಸ್ತೆ ಪಕ್ಕ ನಿಂತಿದ್ದಾರೆ. ನಗರದಲ್ಲಿ ಒಂದು ಗಾಡಿ ಇಲ್ಲ. ಆದರೂ ದಾಟುವ ಸಿಗ್ನಲ್ ಬೀಳುವವರೆಗೆ ಕಾಯಬೇಕು ಅನ್ನುತ್ತಾಳೆ ರೆಜಿ. ಇನ್ನು ಮುಂದೆ ಊರು ಅಂದರೆ ನಾವೇ, ನಿಯಮ ಉಳಿಸಬೇಕಾದವರೂ ನಾವೇ ಅನ್ನುವುದು ಅವಳ ಲೆಕ್ಕ. ಸಮಂತಾ ಕೇಳುವುದಿಲ್ಲ. ಕೆಂಪು ಇರುವಾಗಲೇ ನಡು ರಸ್ತೆಗೆ ಹೋಗಿ ನಿಲ್ಲುತ್ತಾಳೆ. ಆಗ ಒಂದು ಕಾರು ಬರುತ್ತದೆ. ಅದರಲ್ಲಿ ಯಾರು ಅಂತ ಹೇಳುವುದಿಲ್ಲ. ಸಿನಿಮಾದ ಶುರುವಿನಲ್ಲಿ ರೆಜಿ ಆಡುವ ವಿಡಿಯೋ ಗೇಮನ್ನು ಸರಿಯಾಗಿ ಗಮನಿಸಿ, ಗೊತ್ತಾಗುತ್ತದೆ.

ಅವತ್ತು ಆ ಸಿಗ್ನಲ್ ಬಂದ ಕೂಡಲೇ ತಂಗಿ ಲ್ಯಾಪ್‌ಟಾಪಿನಲ್ಲಿ ಸಿನಿಮಾ ನಿಲ್ಲಿಸಿದಳು.

“ಅಕ್ಕ, ನವರಂಗ್ ಸಿಗ್ನಲ್ ಇನ್ನೂ ಬೀಳ್ತಿದೆಯಾ?”

“ಬೀಳ್ತಿದೆ ಕಣೇ.”

“ನಾಳೆ ಹಾಲಿಗೆ ನಾನೂ ಬರ್ತೀನಿ” ಅಂದಳು. ಮಾರನೇ ದಿನ ಬೆಳಿಗ್ಗೆ ಆರೂಕಾಲಿಗೆ ನಾವಿಬ್ಬರೂ ಆ ಖಾಲಿ ರಸ್ತೆಯ ಪಕ್ಕ ಮಾಸ್ಕ್ ಹಾಕಿಕೊಂಡು, ಹಸಿರು ಬೀಳುವವರೆಗೂ ನಿಂತೆವು.