ಮುಂದೆ ನವಣೆ ತೆನೆ, ಹಿಂದೆ ಮೈದಾ

ಕೊಪ್ಪಳದ ಒಂದು ಅಂಗಡಿಯಲ್ಲಿ ಇವತ್ತು 'ಸಿರಿಧಾನ್ಯ ಬ್ರೆಡ್' ಕಣ್ಣಿಗೆ ಬಿತ್ತು. ಮುಂದೆ ಚಂದದ ನವಣೆ ತೆನೆ, ಹಸಿರು ಬಣ್ಣ. ತಿರುಗಿಸಿ ಓದಿದೆ. ಇರುವೆ ಸಾಲಿನಂಥ ಅಕ್ಷರ. ಮೊದಲನೇ ಹೆಸರೇ ಮೈದಾ. ಆಮೇಲೆ ಗೋಧಿ ಗ್ಲುಟನ್ (ಗೋಧಿಯಲ್ಲಿರೋ ಜಿಗುಟು ಪ್ರೋಟೀನ್). ಅಂದ್ರೆ ಮೈದಾದಲ್ಲಿ ಇರೋದು ಸಾಲದು ಅಂತ ಮೇಲೆ ಬೇರೆ ಹಾಕಿದ್ದಾರೆ! ಹಾಲಿನ ಪುಡಿ, ಸೋಯಾ ಹಿಟ್ಟು ಎಲ್ಲಾ ದಾಟಿದ ಮೇಲೆ, ಉಪ್ಪಿನ ಪಕ್ಕದಲ್ಲಿ ನವಣೆ. ಯಾವುದು ಜಾಸ್ತಿಯೋ ಅದನ್ನು ಮೊದಲು ಬರೀಬೇಕು ಅನ್ನೋದು ನಿಯಮ. ಹಾಗಾದ್ರೆ ನವಣೆ ಎಷ್ಟಿರಬಹುದು, ನೀವೇ ಲೆಕ್ಕ ಹಾಕಿ.

2023 ಅನ್ನು ವಿಶ್ವಸಂಸ್ಥೆ ಸಿರಿಧಾನ್ಯ ವರ್ಷ ಅಂತ ಘೋಷಿಸಿತ್ತಲ್ಲ, ಅಲ್ಲಿಂದ ಯಾವ ಪ್ಯಾಕೆಟ್ ನೋಡಿದರೂ ತೆನೆ. ಅದಕ್ಕೂ ಮೊದಲು ಬ್ರೌನ್ ಬ್ರೆಡ್ ಹುಚ್ಚು. ಎಷ್ಟೋ ಬ್ರೌನ್ ಬ್ರೆಡ್‌ಗಳ ಬಣ್ಣ ಕ್ಯಾರಮೆಲ್‌ದು ಅಂತ ಹೇಳಿದ್ರೆ ನಮ್ಮ ಆಫೀಸಿನವರು ಇವತ್ತಿಗೂ ನಂಬಲ್ಲ.

"ಇದ್ರಾಗ ಗೋಧಿ ಐತಲ್ರಿ" ಅಂದೆ. ಅಂಗಡಿಯವರು ನಕ್ಕರು. "ಶುಗರ್ ಇದ್ದೋರೆಲ್ಲ ಒಯ್ತಾರ್ರಿ ಅಕ್ಕಾರ, ಏನ್ ಆಗಂಗಿಲ್ಲ." ನಂದು ಶುಗರ್ ಅಲ್ಲಪ್ಪಾ!

ನನ್ನ ಹೊಟ್ಟೆ ಕಥೆ ನಿಮಗೆಲ್ಲ ಗೊತ್ತೇ ಇದೆ. ಸೀಲಿಯಾಕ್, ಅಂದ್ರೆ ಗ್ಲುಟನ್ ತಿಂದರೆ ಕರುಳು ಕೆಡೋ ಕಾಯಿಲೆ, ಇರೋದ್ರಿಂದ ಗೋಧಿಯ ಚೂರೂ ಹೋಗೋ ಹಾಗಿಲ್ಲ, ಅದೂ ಜೀವನಪೂರ್ತಿ. ಹಾಲು ಆಗಿಬರಲ್ಲ. ಮೊಟ್ಟೆ ತಿಂದರೆ ಮೈಯೆಲ್ಲ ದದ್ದು. ಮದುವೆ ಮನೆಯಲ್ಲಿ ಬರೀ ಅನ್ನ, ಬಾಳೆಹಣ್ಣು ಇಟ್ಕೊಂಡು ಕೂರೋಳು ನಾನೇ. (ಸಾರು ಯಾಕೆ ಬೇಡ ಅಂದ್ರೆ, ಅಂಗಡಿ ಇಂಗಿಗೆ ಎಷ್ಟೋ ಸಲ ಗೋಧಿ ಹಿಟ್ಟು ಬೆರೆಸಿರ್ತಾರೆ. ಇದನ್ನು ಬಡಿಸೋರಿಗೆ ಹೇಳೋಕೆ ಹೋದ್ರೆ ಸೊಕ್ಕು ಅಂತಾರೆ.)

ಗೋಧಿ, ಹಾಲು, ಮೊಟ್ಟೆ, ಸೋಯಾ, ಶೇಂಗಾ ಇದ್ದರೆ ಪ್ಯಾಕೆಟ್ ಮೇಲೆ ಹೇಳಲೇಬೇಕು. ಹೇಳಿದ್ದಾರೆ, ಇಲ್ಲ ಅನ್ನಲ್ಲ. ಆದ್ರೆ ಕವರ್ ಮಡಚಿ ಅಂಟಿಸಿದ ಕಡೆ! ಉಗುರಿನಿಂದ ಬಿಡಿಸಿ ಓದಬೇಕು. ತೆನೆಗೆ ಮಾತ್ರ ಅಂಗೈಯಗಲ ಜಾಗ.

ಆನ್‌ಲೈನ್‌ನಲ್ಲಿ ಗ್ಲುಟನ್ ಇಲ್ಲದ ಬ್ರೆಡ್ ಸಿಗುತ್ತೆ. ಕೆಜಿಗೆ 20 ಮಿಲಿಗ್ರಾಂ ಒಳಗಿದ್ದರೆ ಹಾಗೆ ಬರೀಬಹುದು. ಆದರೆ ಹಿಟ್ಟು ಉಬ್ಬಿದಾಗ ಗಾಳಿ ಹಿಡಿದಿಡೋ ಜಿಗುಟೇ ಗ್ಲುಟನ್. ಅದನ್ನು ತೆಗೆದ ಜಾಗಕ್ಕೆ ಹಲವರು ಮೊಟ್ಟೆ ಬಿಳಿ, ಹಾಲಿನ ಪುಡಿ ತರ್ತಾರೆ. ಗೋಧಿ ಕೈಯಿಂದ ತಪ್ಪಿಸ್ಕೊಂಡು ಮೊಟ್ಟೆ ಕೈಗೆ ಸಿಕ್ಕಿಬೀಳೋದು. ಯಾವುದೂ ಇಲ್ಲದ್ದು ಒಮ್ಮೆ ಸಿಕ್ಕಿತ್ತು. ನಮ್ಮ ಏಪ್ರಿಲ್ ಬಿಸಿಲಲ್ಲಿ ಕೊರಿಯರ್ ಬಂದು ಮುಟ್ಟೋ ಹೊತ್ತಿಗೆ ಬೂಷ್ಟು.

ಈಗ ನೀವು ಕೇಳೋದು ಗೊತ್ತು. ಜೋಳದ ಸೀಮೆಯಲ್ಲಿ ಹುಟ್ಟಿ, ಗವಿಮಠದ ಜಾತ್ರೆಗೆ ಟ್ರ್ಯಾಕ್ಟರ್‌ಗಟ್ಟಲೆ ರೊಟ್ಟಿ ಬರೋ ಊರಲ್ಲಿದ್ದು, ಬ್ರೆಡ್ ಯಾಕವ್ವಾ ನಿನಗೆ? ಒಪ್ಪಿದೆ. ಹಿಟ್ಟು, ಕುದಿ ನೀರು, ಬಡಿಯೋ ಕೈ, ಮುಗೀತು. ನಾನೂ ದಿನಾ ಅದನ್ನೇ ತಿನ್ನೋಳು. ಆದರೆ ಜೋಳವೂ ಗಿರಣಿ ದಾಟಿ ಬರಬೇಕಲ್ವಾ? ನನ್ನ ಮುಂದೆ ನಿಂತವರದು ಗೋಧಿ. ಅದೇ ಕಲ್ಲು, ಹಿಟ್ಟು ಬೀಳೋ ಅದೇ ಬಟ್ಟೆ. ನನ್ನ ಡಬ್ಬಿಗೆ ಮೊದಲು ಬೀಳೋ ಹಿಡಿ ಹಿಟ್ಟು ಬೆಳ್ಳಗಿರಲ್ಲ, ಕೆಂಪಗಿರುತ್ತೆ. ಕೇಳಿದ್ರೆ ಅಲ್ಲೂ "ಏನ್ ಆಗಂಗಿಲ್ಲ". ಖಾನಾವಳಿಯಲ್ಲಂತೂ ಚಪಾತಿ ಬೇಯಿಸಿದ ಹಂಚಿನ ಮೇಲೇ ರೊಟ್ಟಿ.

ಅದೆಲ್ಲ ಬಿಡಿ. ನನಗೆ ಬ್ರೆಡ್ ಬೇಕು, ಅಷ್ಟೇ! ಜ್ವರ ಬಂದಾಗ ಅಪ್ಪ ತರ್ತಿದ್ದ ಬ್ರೆಡ್. ಬಾಯಿ ಚಪಲಕ್ಕೂ ಕಾರಣ ಕೊಡಬೇಕಾ? ಬನ್ ಬೇಯೋ ವಾಸನೆ ಬಂದರೆ ಬೇಕರಿ ಮುಂದೆ ಸ್ಕೂಟಿ ನಿಧಾನ ಮಾಡ್ತೀನಿ. ನಾಚಿಕೆ ಏನಿಲ್ಲ.

ಸದ್ಯಕ್ಕೆ ತಿನ್ನೋ ಹಾಗಿರೋದು ಮನೇಲಿ ಮಾಡಿದ್ದೇ. ಅಕ್ಕಿ ಹಿಟ್ಟು, ಜೋಳದ ಹಿಟ್ಟು, ಸಾಬೂದಾನಿ ಪುಡಿ, ಈಸ್ಟ್, ಅಂಟಿಗೆ ಇಸಬ್‌ಗೋಲು. ಹೌದು, ಹೊಟ್ಟೆ ಕಟ್ಟಿದಾಗ ಕುಡಿಯೋ ಅದೇ ಇಸಬ್‌ಗೋಲು. ನೀರು ಬಿದ್ದರೆ ಲೋಳೆಯಾಗಿ ಗಾಳಿ ಹಿಡಿಯುತ್ತೆ. ವಿಡಿಯೊದವರು ಒಂದು ಗಂಟೆ ಉಬ್ಬೋಕೆ ಬಿಡಿ ಅಂತಾರೆ, ಅವರ ಊರಿಗೆ ಸರಿ. ನಮ್ಮ ಮೇ ತಿಂಗಳಲ್ಲಿ ಅಷ್ಟು ಹೊತ್ತು ಬಿಟ್ಟರೆ ಡಬ್ಬಿ ದಾಟಿ ಕಟ್ಟೆಗೆ ಇಳಿಯುತ್ತೆ. ತಣ್ಣೀರಲ್ಲೇ ಕಲಸಬೇಕು. ಬಿಸಿ ಇದ್ದಾಗ ಕೊಯ್ದರೆ ಚಾಕುವಿಗೆಲ್ಲ ಅಂಟು, ಪೂರ್ತಿ ಆರಬೇಕು. ಮರುದಿನ ಗಟ್ಟಿ. ಹಂಚಿಗೆ ಎಣ್ಣೆ ಸವರಿ ಎರಡೂ ಕಡೆ ಕಾಯಿಸಿ, ಶೇಂಗಾ ಚಟ್ನಿ ಹಚ್ಚಿದರೆ ನಡೆಯುತ್ತೆ. ಚೆನ್ನಾಗಿದೆ ಅಂತ ಸುಳ್ಳು ಹೇಳಲ್ಲ, ನಡೆಯುತ್ತೆ.

ಹಿಟ್ಟಿನದೇ ತಲೆನೋವು. ಮಿಕ್ಸಿಯಲ್ಲಿ ಬೀಸಿ ಬೀಸಿ ಅದು ಸುಟ್ಟ ವಾಸನೆ ಬರೋಕೆ ಶುರುವಾಗಿದೆ. ಕೊಪ್ಪಳ, ಗಂಗಾವತಿ ಕಡೆ ಗೋಧಿ ಮುಟ್ಟದೆ ಬರೀ ಜೋಳ, ಅಕ್ಕಿ ಬೀಸೋ ಗಿರಣಿ ಗೊತ್ತಿದ್ದವರು ಇನ್‌ಬಾಕ್ಸ್‌ಗೆ ಬನ್ನಿ. ಮನೆ ಗಿರಣಿ ತಗೊಂಡುಬಿಡಿ ಅನ್ನೋರು ಅರ್ಧ ದುಡ್ಡು ಹಿಡ್ಕೊಂಡೇ ಬನ್ನಿ.