ಒತ್ತಡ ಯಾವ ಪುಟದಲ್ಲಿದೆ?

ಬದಿಯಡ್ಕದ ನಮ್ಮ ತೋಟದಲ್ಲಿ ಮೊನ್ನೆ ಮಳೆ ಹೊಳವಾದಾಗ ಅಡಿಕೆಯ ಕೊಳೆರೋಗ ತಡೆಯುವ ಶೇಕಡಾ 1ರ ಬೋರ್ಡೋ ದ್ರಾವಣ ಕಲಸಿಟ್ಟಿದ್ದೆವು. ಅಂದೇ ಅಡಿಕೆ ಗೊನೆಗೆ ಹೊಡೆಯದಿದ್ದರೆ ಮೈಲುತುತ್ತು, ಸುಣ್ಣ ಎರಡೂ ದಂಡ. ಪಂಪಿನ ಒತ್ತಡ ಏರಲೇ ಇಲ್ಲ. ಕೈಪಿಡಿ ತೆರೆದರೆ ಮೊದಲು ಕಂಪನಿಯ ಪರಿಚಯ, ಆಮೇಲೆ ಬಿಡಿಭಾಗಗಳ ಪಟ್ಟಿ. ಒತ್ತಡದ ವಿಷಯ ಮೂರು ಅಧ್ಯಾಯಗಳಲ್ಲಿ ಚದುರಿದೆ. ಪರಿವಿಡಿಯಲ್ಲಿ ಆ ಪದವೇ ಇಲ್ಲ, ‘ಹೈಡ್ರಾಲಿಕ್ ಉಪವ್ಯವಸ್ಥೆ’ ಎಂದಿದೆ! ಮರದ ಬುಡದಲ್ಲಿ ಒದ್ದೆ ಕೈಯಿಂದ ಪುಟ ತಿರುವುವವನು ಆ ಹೆಸರನ್ನು ಹುಡುಕುತ್ತಾನೆಯೇ? ಮಾಡುವ ಕೆಲಸ, ತಿಳಿಯಬೇಕಾದ ವಿಚಾರ, ಬೇಕೆಂದಾಗ ನೋಡುವ ವಿವರ ಇವನ್ನು ಬೇರ್ಪಡಿಸಿ ಕೈಪಿಡಿ ಬರೆಯಲು ಡಿಟಾ (DITA) ಎಂಬ ಮಾನದಂಡ 2005ರಲ್ಲೇ ಬಂದಿದೆ. ಓದುಗ ಏನನ್ನು ಹುಡುಕಿಕೊಂಡು ಬರುತ್ತಾನೆಂದು ಬರೆಯುವ ಮೊದಲು ಒಂದು ದಿನ ಕುಳಿತು ಯೋಚಿಸಬಾರದೇ? ಕೊನೆಗೆ ನೋಡಿದರೆ, ನೀರು ಎಳೆಯುವ ಕೊಳವೆಯ ಜಾಲರಿಯಲ್ಲಿ ಸುಣ್ಣದ ಗಸಿ ಕಟ್ಟಿಕೊಂಡಿತ್ತು. ಅಷ್ಟರಲ್ಲಿ ಮಳೆ ಮತ್ತೆ ಹಿಡಿದಿತ್ತು.